ಅಂಬಾಸಿಡರ್ ಬಾನೆಟ್ ಕೆಳಗಿನ ಒಂಬತ್ತರ ಲೆಕ್ಕ

ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಖಾಲಿ ಜಾಗ. ಎಂಜಿನ್ನಿನ ಪಕ್ಕಕ್ಕೆ ಆರಾಮಾಗಿ ಕೈ ಇಳಿಸಿ ಸ್ಪ್ಯಾನರ್ ಹಾಕಬಹುದು. ಇವತ್ತಿನ ವ್ಯಾಗನ್‌ಆರ್ ಥರದ ಮನೆಮಂದಿಯ ಕಾರಿನಲ್ಲಾದರೆ ಪೈಪು, ವೈರು, ಪ್ಲಾಸ್ಟಿಕ್ ಕವರುಗಳ ನಡುವೆ ಬೆರಳು ತೂರಿಸುವುದೂ ಕಷ್ಟ.

ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಆಧರಿಸಿ ಹಿಂದೂಸ್ತಾನ್ ಮೋಟಾರ್ಸ್ ಕಂಪನಿ ಕೋಲ್ಕತ್ತ ಸಮೀಪದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಲ್ಲಿ ಅಂಬಾಸಿಡರ್ ತಯಾರಿಸಲು ಶುರುಮಾಡಿತು. ಕಾರ್ಖಾನೆ ನಿಂತದ್ದು 2014ರ ಮೇ ತಿಂಗಳಲ್ಲಿ. ನಮ್ಮಲ್ಲಿ ಸಾಹೇಬರ ಬಿಳಿ ಕಾರೂ ಅದೇ, ಮಲೆನಾಡಿನ ಮದುವೆ ದಿಬ್ಬಣದ ಟ್ಯಾಕ್ಸಿಯೂ ಅದೇ. ಹಳೆಯ ಮಾದರಿಗಳಲ್ಲಿ ಗೇರಿನ ಹಿಡಿ ಸ್ಟೀರಿಂಗ್ ಪಕ್ಕದಲ್ಲಿದ್ದು, ಮುಂದಿನ ಸೀಟು ಬೆಂಚಿನಂತೆ ಉದ್ದಕ್ಕಿದ್ದುದರಿಂದ ಮುಂದೆಯೇ ಮೂವರು ಕೂರುತ್ತಿದ್ದರು.

ಈ ಕಾರನ್ನು ಸಾಕಿ ಸಲಹಿದವರು ಊರೂರಿನ ಮೆಕ್ಯಾನಿಕ್‌ಗಳು. ಅವರ ವಿದ್ಯೆ ಎಂಥದೆಂದು ತಿಳಿಯಬೇಕಾದರೆ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೆ ಟ್ಯಾಪೆಟ್ ಸೆಟ್ ಮಾಡುವುದನ್ನು, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಗ್ಯಾಪ್ ಹೊಂದಿಸುವುದನ್ನು, ಹತ್ತಿರ ನಿಂತು ನೋಡಬೇಕು. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಮೇಲಿನ ಕವರ್ ಬಿಚ್ಚಿ ಎಂಜಿನ್ನನ್ನು ನಿಧಾನವಾಗಿ ತಿರುಗಿಸುತ್ತಾರೆ. ಎಂಟನೇ ವಾಲ್ವ್ ಪೂರ್ತಿ ಒತ್ತಿಕೊಂಡಾಗ ಒಂದನೆಯದರ ಗ್ಯಾಪ್ ನೋಡಬೇಕು; ಏಳನೆಯದು ಒತ್ತಿಕೊಂಡಾಗ ಎರಡನೆಯದರದು. ಎರಡೂ ವಾಲ್ವ್‌ಗಳ ಸಂಖ್ಯೆ ಕೂಡಿಸಿದರೆ ಯಾವಾಗಲೂ ಒಂಬತ್ತು. ಸುಮಾರು 0.38 ಮಿ.ಮೀ. ದಪ್ಪದ ಫೀಲರ್ ಗೇಜ್ ಎಲೆ ಆ ಸಂದಿನಲ್ಲಿ ತುಸು ಹಿಡಿದಂತಾಗಿ ಜಾರಬೇಕು. ಸಡಿಲವಾದರೆ ಟಕಟಕ ಸದ್ದು. ತೀರಾ ಬಿಗಿಯಾದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಕೊನೆಗೆ ಲಾಕ್‌ನಟ್ ಬಿಗಿಮಾಡುವಾಗ ಗ್ಯಾಪ್ ಮತ್ತೆ ಬದಲಾಗದಂತೆ ಸ್ಕ್ರೂವನ್ನು ಅಲುಗದ ಹಾಗೆ ಹಿಡಿಯಬೇಕು. ಆ ಹಿಡಿತವೇ ಕಸುಬು. ಪುಸ್ತಕ ಓದಿ ಬರುವಂಥದ್ದಲ್ಲ. ಕಾರ್ಬ್ಯುರೇಟರನ್ನಂತೂ ಸದ್ದು ಕೇಳಿಯೇ ಹದಕ್ಕೆ ತರುತ್ತಿದ್ದರು.

ಹೊಸ ಕಾರಿನಲ್ಲಿ ಪೆಟ್ರೋಲ್ ಎಷ್ಟು, ಕಿಡಿ ಯಾವಾಗ ಎಂಬುದನ್ನೆಲ್ಲ ಒಂದು ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮೆಕ್ಯಾನಿಕ್ ಡ್ಯಾಶ್‌ಬೋರ್ಡ್ ಕೆಳಗೆ ಸ್ಕ್ಯಾನರ್ ಸಿಕ್ಕಿಸಿ ದೋಷದ ಸಂಖ್ಯೆ ಓದುತ್ತಾನೆ.

ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುವುದಕ್ಕೆ ಯಾವುದು ಮೇಲು? ಅನುಮಾನವೇ ಇಲ್ಲ, ಹೊಸದೇ. ಅಂಬಾಸಿಡರ್‌ನ ದಪ್ಪ ತಗಡು ನೋಡಿ ಗಟ್ಟಿಮುಟ್ಟು ಎನ್ನುವವರಿದ್ದಾರೆ. ಆದರೆ ಢಿಕ್ಕಿಯಾದಾಗ ಕಾರಿನ ಮೂತಿ ಮುದುಡಿ ಹೊಡೆತವನ್ನು ನುಂಗದಿದ್ದರೆ ಅದು ಒಳಗೆ ಕೂತವರಿಗೇ ತಾಗುತ್ತದೆ. ಈಗ ಎಬಿಎಸ್ ಬ್ರೇಕು, ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಕಡ್ಡಾಯ. ಹಳೆಯ ಅಂಬಾಸಿಡರ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

ಹಾಗೆಂದು ಹಳೆಯದನ್ನೆಲ್ಲ ಗುಜರಿಗೆ ಕಳಿಸಬೇಕಿಲ್ಲ. 50 ವರ್ಷ ದಾಟಿದ, ಮೂಲ ರೂಪ ಕೆಡದ ಖಾಸಗಿ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರ ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿಗಳಿಗೆ ಒಯ್ಯಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ನಿಮ್ಮ ಮನೆಯ ಶೆಡ್ಡಿನಲ್ಲಿ ಅಂಥದೊಂದು ನಿಂತಿದ್ದರೆ, ಟ್ಯಾಪೆಟ್ ಸೆಟ್ ಮಾಡಬಲ್ಲ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ ಕರೆಸಿ. ಅವರು ಕೆಲಸ ಮಾಡುವಾಗ ಮನೆಯ ಹುಡುಗರನ್ನೂ ಪಕ್ಕದಲ್ಲಿ ನಿಲ್ಲಿಸಿ.