ಐದು ಕೋಣೆಗಳ ವಿನಾಯಿತಿ

ಸ್ಥಳವಿರುವಾಗ, ಹಣ ತೆರಲು ಸಿದ್ಧನಾದ ಪಥಿಕನನ್ನು ಸಕಾರಣವಿಲ್ಲದೆ ಹಿಂದಿರುಗಿಸಲಾಗದೆಂಬುದು ವಸತಿಗೃಹದ ಒಡೆಯರಿಗೆ ಇಂಗ್ಲೆಂಡಿನ ರೂಢಿನ್ಯಾಯವು ವಿಧಿಸಿದ ಪ್ರಾಚೀನ ನಿಯಮ. ಅಮೆರಿಕವು 1964ರ ನಾಗರಿಕ ಹಕ್ಕುಗಳ ಶಾಸನದಿಂದ ವಸತಿಗೃಹಗಳಲ್ಲಿ ಜನಾಂಗ, ವರ್ಣ, ಧರ್ಮ, ರಾಷ್ಟ್ರಮೂಲಗಳ ಭೇದವನ್ನು ನಿಷೇಧಿಸಿತು. ಆದರೆ ಒಡೆಯನೇ ವಾಸಿಸುವ, ಬಾಡಿಗೆಯ ಕೋಣೆಗಳು ಐದನ್ನು ಮೀರದ ಮನೆಗೆ ವಿನಾಯಿತಿಯನ್ನಿತ್ತಿತು. ಅಂದಿನ ಚರ್ಚೆಗಳಲ್ಲಿ ‘ಮಿಸೆಸ್ ಮರ್ಫಿ’ ಎಂಬ ಕಲ್ಪಿತ ಗೃಹಿಣಿಯು ಇಂತಹ ಒಡೆಯರ ಪ್ರತೀಕವಾದಳು. 216 ಕೋಣೆಗಳ ‘ಹಾರ್ಟ್ ಆಫ್ ಅಟ್ಲಾಂಟ’ ಮೋಟೆಲು ಅತಿಥಿಗಳನ್ನು ಆರಿಸುವ ಸ್ವಾತಂತ್ರ್ಯವನ್ನು ಕೋರಿದಾಗ, ಸರ್ವೋಚ್ಚ ನ್ಯಾಯಾಲಯವು ಅದೇ ವರ್ಷದ ಡಿಸೆಂಬರಿನಲ್ಲಿ ಅದನ್ನು ತಳ್ಳಿಹಾಕಿತು. ಭಾರತ ಸಂವಿಧಾನದ 15ನೆಯ ಅನುಚ್ಛೇದವಾದರೋ, ಹೋಟೆಲುಗಳ ಪ್ರವೇಶದಲ್ಲಿ ಧರ್ಮಜಾತ್ಯಾದಿ ಭೇದಗಳನ್ನು ನಿಷೇಧಿಸುವಾಗ ಕೋಣೆಗಳನ್ನೆಣಿಸಿಲ್ಲ. ಗೃಹದ ಏಕಾಂತವೂ ಗೌರವಾರ್ಹವೇ; ಆದರೆ ಇರುಳಿನಲ್ಲಿ ಬಾಗಿಲಿನಿಂದ ಹಿಂದಿರುಗುವವನಿಗೆ ಕೋಣೆಗಳು ಕಡಮೆಯೆಂದು ಅಪಮಾನ ಕಡಮೆಯಾಗದು.