ತುಟಿಗೆ ಹಚ್ಚುವ ಹೊಸ ಬಣ್ಣದ ಪರೀಕ್ಷೆ

ಮದುವೆಯ ದಿನಗಳು ಸಮೀಪಿಸಿದಾಗ ಮಂಗಳೂರಿನ ಅತ್ತಾವರದ ಅಂಗಡಿಗಳಲ್ಲಿ ಒಂದು ದೃಶ್ಯವನ್ನು ಯಾರಾದರೂ ಕಾಣಬಹುದು. ಮದುಮಗಳೂ ಅವಳ ಅಕ್ಕತಂಗಿಯರೂ ಹೊಸದಾಗಿ ಬಂದ ಲಿಪ್‌ಸ್ಟಿಕ್ಕಿನಿಂದ ಕೈಯ ಮೇಲೆ ಒಂದು ಗೆರೆಯನ್ನೆಳೆದು, ಸೀರೆಯ ಅಂಚಿನೊಡನೆ ಹೋಲಿಸಿ ನೋಡಿ, ಒಪ್ಪಿತೆಂದು ಕೊಂಡು ತರುತ್ತಾರೆ. ಬಣ್ಣವು ಮುಖಕ್ಕೆ ಸಲ್ಲುವುದೇ ಎಂಬ ಪ್ರಶ್ನೆಗೆ ಈ ಪರೀಕ್ಷೆ ಸಾಕು. ತುಟಿಗೆ ಒಗ್ಗುವುದೇ ಎಂಬುದಕ್ಕೆ ಇದರಿಂದ ಉತ್ತರ ದೊರೆಯದು.

ಏಕೆಂದರೆ, ಚರ್ಮದ ಅಲರ್ಜಿಯು ಬಹುಮಟ್ಟಿಗೆ ಒಡನೆಯೇ ತೋರುವ ವಿಕಾರವಲ್ಲ. ಒಂದು ದ್ರವ್ಯವನ್ನು ಹಿಂದೆಯೇ ಹಗೆಯೆಂದು ಗುರುತಿಸಿಕೊಂಡ ದೇಹವು, ಅದನ್ನು ಮತ್ತೆ ಸಂಧಿಸಿದಾಗ ಕೆಂಪು, ತುರಿಕೆ, ಗುಳ್ಳೆಗಳನ್ನು ತೋರಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ. ಮುಹೂರ್ತದ ಬೆಳಿಗ್ಗೆ ಮೊದಲ ಬಾರಿಗೆ ಹಚ್ಚಿದ ಬಣ್ಣವು ಬೀಗರ ಔತಣದ ಹೊತ್ತಿಗೆ ತುಟಿಯನ್ನು ಊದಿಸೀತು. ತುಟಿಯ ಚರ್ಮವೋ ಅತ್ಯಂತ ತೆಳು. ಅದರ ಮೇಲಿನ ಲೇಪದ ಒಂದಂಶ ಕಾಫಿಯೊಡನೆ ಹೊಟ್ಟೆಗೂ ಇಳಿಯುತ್ತದೆ.

'ಪ್ರಕೃತಿದತ್ತವಾದುದು, ಭಯವಿಲ್ಲ' ಎಂಬ ಮಾತನ್ನು ನಾವು ಒಪ್ಪಲಾರೆವು. ಕರಾವಳಿಯ ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಗಳು ಹಿಂದೆ ಮುಖಕ್ಕೆ ಬಳಿದುಕೊಳ್ಳುತ್ತಿದ್ದ ಇಂಗಳೀಕವೂ ಅರದಾಳವೂ ಪ್ರಕೃತಿದತ್ತವೇ. ಮೊದಲನೆಯದರಲ್ಲಿ ಪಾದರಸವಿದೆ, ಎರಡನೆಯದರಲ್ಲಿ ಆರ್ಸೆನಿಕ್ ಎಂಬ ಪಾಷಾಣವಿದೆ. ಮನೆಮದ್ದೆಂದು ನಾವು ನಂಬಿರುವ ಹರಳೆಣ್ಣೆಯೇ ಲಿಪ್‌ಸ್ಟಿಕ್ಕಿನೊಳಗಿದ್ದು ಕೆಲವರ ತುಟಿಗೆ ಒಗ್ಗದಿರುವುದನ್ನು ವೈದ್ಯರು ಕಂಡಿದ್ದಾರೆ. ಸುಗಂಧದ್ರವ್ಯಗಳೂ, ಎಣ್ಣೆ ಕೆಡದಂತೆ ಸೇರಿಸುವ ಗ್ಯಾಲೇಟುಗಳೂ ಇದೇ ಪಂಕ್ತಿಯವು.

ಬಣ್ಣದ ದ್ರವ್ಯಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 20 ಭಾಗವನ್ನೂ ಆರ್ಸೆನಿಕ್ 2 ಭಾಗವನ್ನೂ ಮೀರಬಾರದೆಂದು ನಮ್ಮ ದೇಶದ ನಿಯಮವಿದೆ. ಇದನ್ನು ಅಳೆಯಲು ಪ್ರಯೋಗಶಾಲೆಯೇ ಬೇಕು. ಚಿನ್ನದ ಉಂಗುರದಿಂದ ಉಜ್ಜಿದಾಗ ಕಪ್ಪಾದರೆ ಸೀಸವಿದೆಯೆಂಬ ಜನಜನಿತ ಪರೀಕ್ಷೆ ಶುದ್ಧ ಸುಳ್ಳು. ತಯಾರಕರ ಹೆಸರು, ವಿಳಾಸ, ಅವಧಿ ಮುಗಿಯುವ ದಿನಾಂಕಗಳಿಲ್ಲದ ಸರಕನ್ನು ಮುಟ್ಟದಿರುವುದೇ ಮನೆಯವರು ಮಾಡಬಹುದಾದ ಕೆಲಸ. ಅಂಗಡಿಯಲ್ಲಿ ಹತ್ತು ಜನ ಮುಟ್ಟಿದ ಮಾದರಿಯನ್ನಂತೂ ತುಟಿಗೆ ತಾಗಿಸಲೇಬಾರದು. ತುಟಿಯ ಮೇಲೆ ನೀರುಗುಳ್ಳೆಯೆಬ್ಬಿಸುವ ಹರ್ಪಿಸ್ ವಿಷಾಣು ಎಂಜಲಿನಿಂದ ಹರಡತಕ್ಕದ್ದು.

ಮನೆಯಲ್ಲಿ ಮಾಡತಕ್ಕ ಪರೀಕ್ಷೆ ಸುಲಭವಾದುದೇ, ಆದರೆ ತಾಳ್ಮೆಯನ್ನು ಬೇಡುತ್ತದೆ. ಮೊಣಕೈ ಮಡಿಕೆಯ ಸಮೀಪ, ತೋಳಿನ ಒಳಬದಿಯಲ್ಲಿ, ಒಂದು ರೂಪಾಯಿ ನಾಣ್ಯಕ್ಕಿಂತ ತುಸು ದೊಡ್ಡದಾದ ಜಾಗವನ್ನು ಗೊತ್ತುಮಾಡಿಕೊಂಡು, ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ, ಏಳು ದಿನ, ಅದೇ ಜಾಗಕ್ಕೆ ತೆಳ್ಳಗೆ ಹಚ್ಚಬೇಕು. ಆ ವಾರ ಬೇರೆ ಯಾವ ಹೊಸ ಲೇಪವನ್ನೂ ಅಲ್ಲಿ ಬಳಸಬಾರದು. ಬಳಸಿದರೆ ತಪ್ಪು ಯಾವುದರದೆಂದು ತಿಳಿಯದು. ತುರಿಕೆಯೋ ಕೆಂಪೋ ಕಂಡರೆ ತೊಳೆದು ನಿಲ್ಲಿಸಬೇಕು. ಏನೂ ಕಾಣದಿದ್ದರೆ ತುಟಿಯ ಒಂದು ಮೂಲೆಗೆ ಹಚ್ಚಿ ಎರಡು ಮೂರು ದಿನ ಕಾಯುವುದು. ಆದುದರಿಂದ ಮದುವೆಗೆ ಕೊಳ್ಳುವುದಾದರೆ ತಿಂಗಳ ಮುಂಚೆಯೇ ಕೊಳ್ಳತಕ್ಕದ್ದು. ಇಷ್ಟಾದರೂ ಪೂರ್ಣ ಅಭಯವಿಲ್ಲ: ದೇಹಕ್ಕೆ ತೀರ ಹೊಸದಾದ ದ್ರವ್ಯವು ಹಗೆಯಾಗಲು ವಾರಕ್ಕಿಂತ ಹೆಚ್ಚು ಕಾಲ ಹಿಡಿಯಬಹುದು, ವರ್ಷಗಳ ಬಳಕೆಯ ಬಳಿಕ ಮುನಿಯುವುದೂ ಉಂಟು.

ತುಟಿ ಮತ್ತೆ ಮತ್ತೆ ಒಡೆದು ಸಿಪ್ಪೆಯೇಳುತ್ತಿದ್ದರೆ ಮನೆಯ ಪರೀಕ್ಷೆ ಸಾಲದು. ಅತ್ತಾವರದಲ್ಲಿಯೇ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿರುವುದರಿಂದ ಅಲ್ಲಿಯವರಿಗೆ ವೈದ್ಯರು ದೂರವಲ್ಲ. ಯೋಸೆಫ್ ಯಾಡಾಸೋನ್ ಎಂಬ ಜರ್ಮನ್ ವೈದ್ಯನು 1895ರಲ್ಲಿ ಪ್ರಚುರಪಡಿಸಿದ ಪಟ್ಟಿಪರೀಕ್ಷೆಯನ್ನೇ ಚರ್ಮವೈದ್ಯರು ಇಂದಿಗೂ ಅನುಸರಿಸುತ್ತಾರೆ. ಸಂಶಯದ ದ್ರವ್ಯಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆಗಳ ಮೇಲೆ ಪಟ್ಟಿ ಬಿಚ್ಚಿ ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಅಷ್ಟು ಕಾಲ ಬೆನ್ನಿಗೆ ನೀರು ತಾಗಬಾರದು, ಬೆವರಲೂ ಬಾರದು. ಮಂಗಳೂರಿನ ಸೆಕೆಯಲ್ಲಿ ಇದೊಂದು ಸಣ್ಣ ತಪಸ್ಸೇ ಸರಿ. ಅವಸರವಿಲ್ಲದವರು ಚಳಿಗಾಲದವರೆಗೆ ತಡೆಯಬಹುದು. ಹೋಗುವಾಗ ಲಿಪ್‌ಸ್ಟಿಕ್ಕನ್ನೂ, ಘಟಕಗಳನ್ನು ಮುದ್ರಿಸಿರುವ ಅದರ ರಟ್ಟಿನ ಪೆಟ್ಟಿಗೆಯನ್ನೂ ಜೊತೆಗೊಯ್ಯಬೇಕು.