ಐವತ್ತಕ್ಕೆ ಒಂದು

ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆ ನಿಲ್ದಾಣಕ್ಕೆ ಘಟ್ಟ ಇಳಿಯುವ ರೈಲುಹಾದಿ ಸುಮಾರು 55 ಕಿಲೋಮೀಟರ್ ಉದ್ದ. ದಾರಿಯಲ್ಲಿ 57 ಸುರಂಗಗಳಿವೆ. ಪ್ರಯಾಣಿಕರು ಕಣಿವೆ, ಜಲಪಾತಗಳನ್ನು ನೋಡುತ್ತಾರೆ. ರೈಲು ಓಡಿಸುವವರು ನೋಡಬೇಕಾದದ್ದು ಬೇರೊಂದಿದೆ. ಇಲ್ಲಿನ ಕಡಿದಾದ ಭಾಗಗಳಲ್ಲಿ ಹಳಿಯ ಏರು 50ಕ್ಕೆ 1. ಅಡ್ಡಕ್ಕೆ 50 ಮೀಟರ್ ಸಾಗುವಷ್ಟರಲ್ಲಿ ಎತ್ತರ 1 ಮೀಟರ್ ಬದಲಾಗುತ್ತದೆ.

ಬೀಜಗಣಿತದಲ್ಲಿ ಸರಳರೇಖೆಯ ಇಳಿಜಾರು ಎಂದರೆ ಇದೇ. ರೇಖೆಯ ಮೇಲೆ ಎರಡು ಬಿಂದು ಹಿಡಿಯಿರಿ. ಎತ್ತರದಲ್ಲಾದ ಬದಲಾವಣೆಯನ್ನು ಅಡ್ಡದೂರದಲ್ಲಾದ ಬದಲಾವಣೆಯಿಂದ ಭಾಗಿಸಿ. 1ನ್ನು 50ರಿಂದ ಭಾಗಿಸಿದರೆ 0.02. ರೈಲ್ವೆಯವರ 50 ಛೇದದ ಅಂಕಿಯಾದ್ದರಿಂದ, ಆ ಅಂಕಿ ಚಿಕ್ಕದಾದಷ್ಟೂ ಏರು ಹೆಚ್ಚು. ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರ್ ಮೂಲಕ ಗೋವಾಕ್ಕೆ ಇಳಿಯುವ ಹಾದಿಯಲ್ಲಿ ಅದು 37ಕ್ಕೆ 1, ಸಕಲೇಶಪುರದ್ದಕ್ಕಿಂತ ಕಡಿದು.

ಯಾವ ಎರಡು ಬಿಂದು ಎಂಬ ಪ್ರಶ್ನೆ ಏಳಲೇಬೇಕು. ನನಗೆ ಈ ಪಾಠದ ಜೀವವೇ ಇಲ್ಲಿದೆ ಅನ್ನಿಸುತ್ತದೆ, ಆದರೂ ಸೂತ್ರ ಬಾಯಿಪಾಠ ಮಾಡಿಸುವ ಅವಸರದಲ್ಲಿ ಇದೇ ಬಿಟ್ಟುಹೋಗುತ್ತದೆ. 50 ಮೀಟರಿಗೆ 1 ಮೀಟರ್ ಏರುವ ನೇರ ಹಳಿ 100 ಮೀಟರಿಗೆ 2, 500 ಮೀಟರಿಗೆ 10 ಮೀಟರ್ ಏರುತ್ತದೆ. ಅಡ್ಡದೂರ, ಎತ್ತರ, ಹಳಿ ಸೇರಿ ಆಗುವ ತ್ರಿಭುಜಗಳು ಚಿಕ್ಕದಿರಲಿ, ದೊಡ್ಡದಿರಲಿ, ಒಂದಕ್ಕೊಂದು ಸಮರೂಪ. ಹಾಗಾಗಿ ಭಾಗಲಬ್ಧ ಬದಲಾಗದು. ಎಲ್ಲಿ ಅಳೆದರೂ ಒಂದೇ ಉತ್ತರ ಬರುತ್ತದೆಂದರೆ ಮಾತ್ರ ಅದು ಸರಳರೇಖೆ. ಇಡೀ ಘಟ್ಟದ ಹಾದಿ ಹಾಗಿಲ್ಲ. ಬೇರೆ ಬೇರೆ ಇಳಿಜಾರಿನ ತುಂಡುಗಳು ಸೇರಿ ಆದದ್ದು. ಅದರ ಎರಡು ತುದಿ ಹಿಡಿದು ಲೆಕ್ಕ ಹಾಕಿದರೆ ಸಿಗುವುದು ಸರಾಸರಿಯಷ್ಟೇ.

ಬಲಕ್ಕೆ ಸಾಗಿದಂತೆ ರೇಖೆ ಏರಿದರೆ ಇಳಿಜಾರು ಧನ, ಇಳಿದರೆ ಋಣ. ಸಮತಟ್ಟಾದರೆ ಸೊನ್ನೆ. ಲಂಬರೇಖೆಯಲ್ಲಿ ಅಡ್ಡದೂರವೇ ಸೊನ್ನೆ. ಸೊನ್ನೆಯಿಂದ ಭಾಗಿಸಲಾಗದು, ಆದ್ದರಿಂದ ಅದಕ್ಕೆ ಇಳಿಜಾರಿನ ಬೆಲೆಯೇ ಇಲ್ಲ. ಇಳಿಜಾರನ್ನು ಕೋನವೆಂದು ತಿಳಿಯುವುದೂ ತಪ್ಪು. ಇಳಿಜಾರು 1 ಇದ್ದಾಗ ಕೋನ 45 ಡಿಗ್ರಿ, 2 ಆದಾಗ ಸುಮಾರು 63 ಡಿಗ್ರಿ, 90 ಅಲ್ಲ.

0.02 ಎಂಬುದು ಕಣ್ಣಿಗೆ ಏನೂ ಅಲ್ಲದ ಸಂಖ್ಯೆ. ರೈಲಿಗೆ ಹಾಗಲ್ಲ. ಏರು ಇಷ್ಟು ಸಣ್ಣದಿದ್ದಾಗ, ಗಾಡಿಯ ತೂಕವನ್ನು ಇಳಿಜಾರಿನಿಂದ ಗುಣಿಸಿದರೆ ಗುರುತ್ವ ಅದನ್ನು ಹಿಂದಕ್ಕೆಳೆಯುವ ಬಲ ಸಿಗುತ್ತದೆ. 1000 ಟನ್ ಗಾಡಿಯಾದರೆ 20 ಟನ್ ತೂಕದಷ್ಟು ಬಲ. ಸಮತಟ್ಟು ಹಳಿಯಲ್ಲಿ ಈ ಹೊರೆ ಇಲ್ಲವೇ ಇಲ್ಲ. ಸುಬ್ರಹ್ಮಣ್ಯ ರಸ್ತೆಯಿಂದ ಮೇಲೇರುವ ರೈಲುಗಳಿಗೆ ಹೆಚ್ಚುವರಿ ಬ್ಯಾಂಕರ್ ಎಂಜಿನ್ ಜೋಡಿಸುವುದು ಇದಕ್ಕೇ. ಇಳಿಯುವಾಗ ಅಷ್ಟೇ ಬಲ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಅದನ್ನು ಬ್ರೇಕುಗಳು ತಡೆಯಬೇಕು.

ನೀಲಗಿರಿಯಲ್ಲಿ ಕಲ್ಲಾರ್‌ನಿಂದ ಕೂನೂರಿಗೆ ಏರುವ ಹಾದಿಯಲ್ಲಿ ಇಳಿಜಾರು ಸುಮಾರು 12ಕ್ಕೆ 1. ಅದೇ ಲೆಕ್ಕ ಹಾಕಿದರೆ 100 ಟನ್ ಗಾಡಿಗೇ 8 ಟನ್ನಿಗೂ ಮೀರಿದ ಎಳೆತ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರದ ಹಿಡಿತವೊಂದನ್ನೇ ನಂಬಿ ಇಂಥ ಏರು ಹತ್ತುವಂತಿಲ್ಲ. ಹಾಗಾಗಿ ಅಲ್ಲಿ ಎರಡು ಹಳಿಗಳ ನಡುವೆ ಹಲ್ಲುಪಟ್ಟಿ ಕೂರಿಸಿದ್ದಾರೆ; ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು ಮೇಲೇರುತ್ತದೆ.